ಫೋನು ಬರೆದ ನಮ್ಮವ್ವ

ತಪ್ಪೊಪ್ಪಿಕೊಳ್ಳಲು ಕೂತವರು ಸಾಮಾನ್ಯವಾಗಿ ತಮ್ಮಲ್ಲಿರುವ ತಪ್ಪುಗಳಲ್ಲಿ ನೋಡಲು ಲಕ್ಷಣವಾಗಿರುವ ಒಂದನ್ನು ಆರಿಸಿಕೊಳ್ಳುತ್ತಾರೆ. 'ನನಗೆ ಮುಂಗೋಪ ಸ್ವಲ್ಪ ಜಾಸ್ತಿ' ಎನ್ನುತ್ತಾರೆ. 'ಯಾರನ್ನಾದರೂ ಬೇಗ ನಂಬಿಬಿಡುತ್ತೇನೆ, ಅದೇ ನನ್ನ ದೋಷ' ಎನ್ನುತ್ತಾರೆ. ಕೇಳಿದವರು ಅದು ದೋಷವೋ ಗುಣವೋ ತಿಳಿಯದೆ 'ಛೇ ಛೇ, ಹಾಗೇನಿಲ್ಲ' ಎಂದು ಸಮಾಧಾನ ಮಾಡಬೇಕಾಗುತ್ತದೆ. ಇದನ್ನು ಬರೆಯಲು ಕೂರುವ ಮೊದಲು ನಾನೂ ಅಂಥದೊಂದು ತಪ್ಪನ್ನು ಎರಡು ದಿನ ಹುಡುಕಿದೆ. ಸಿಗಲಿಲ್ಲ. ಸಿಕ್ಕಿದ್ದು ಇದೊಂದೇ: ಪಕ್ಕದ ಕೋಣೆಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಹೆತ್ತ ತಾಯಿಯ ಬಾಲ್ಯವನ್ನು ನಾನು ಫೋನಿಗೆ ಹೇಳಿ ಬರೆಸಿದೆ. ಅದೂ ಏಳು ವರ್ಷದ ಮಗಳ ಕಣ್ಣೆದುರಿಗೆ. ಇದಕ್ಕೆ ಯಾರೂ 'ಹಾಗೇನಿಲ್ಲ ಬಿಡಿ' ಎನ್ನಲಾರರು. ನೀವೂ ಅನ್ನಬೇಕಾಗಿಲ್ಲ.

ನಾನು ಮಿರಜದ ಒಂದು ಆಸ್ಪತ್ರೆಯಲ್ಲಿ ವಿಚಾರಣೆಯ ಕೌಂಟರಿನಲ್ಲಿ ಕೂರುವವನು. ಹೆಸರು ಬೀರಪ್ಪ, ಮರಾಠಿ ಸಹೋದ್ಯೋಗಿಗಳ ಬಾಯಲ್ಲಿ ಬೀರು ಕಾಕಾ. ಅಥಣಿ, ರಾಯಬಾಗ, ಜಮಖಂಡಿ ಕಡೆಯಿಂದ ಬಂದಿಳಿದ ರೋಗಿಗಳು ಮರಾಠಿ ಬೋರ್ಡುಗಳ ನಡುವೆ ಕನ್ನಡ ಮಾತಾಡುವ ಒಂದು ಮುಖ ಕಂಡರೆ ಅದನ್ನು ಬಿಟ್ಟು ಕದಲುವುದಿಲ್ಲ. ಎಕ್ಸ್‌ರೇ ಎಲ್ಲಿ, ರಕ್ತ ಎಲ್ಲಿ ಕೊಡಬೇಕು, ಡಾಕ್ಟರು ಊಟಕ್ಕೆ ಹೋದವರು ಬರುತ್ತಾರೋ ಇಲ್ಲವೋ, ಎಲ್ಲವನ್ನೂ ನನ್ನನ್ನೇ ಕೇಳುತ್ತಾರೆ. ನಾನು ಬೇಸರವಿಲ್ಲದೆ ಹೇಳುತ್ತೇನೆ. ಒಮ್ಮೆ ಜಮಖಂಡಿ ಕಡೆಯ ಒಬ್ಬ ಅಜ್ಜ ಎಕ್ಸ್‌ರೇ ಕೋಣೆಯ ದಾರಿಯನ್ನು ಐದು ಸಲ ಕೇಳಿದ. ಐದನೆಯ ಸಲ ನಾನು ಎದ್ದು ಕೈಹಿಡಿದು ಬಾಗಿಲ ತನಕ ಬಿಟ್ಟು ಬಂದೆ. "ನಿಮ್ಮ ಮನ್ಯಾಗಿನವರು ಪುಣ್ಯಾ ಮಾಡ್ಯಾರ ನೋಡ್ರಿ" ಎಂದು ಅಜ್ಜ ಕೈಮುಗಿದ. ಅದೇ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ನನ್ನ ಮಗಳು ಮುಕ್ತಾ ಓಡಿಬಂದು, "ಪಪ್ಪಾ, ಇರವಿಗೆ ಮೊಣಕಾಲ ಇರ್ತಾವೇನ?" ಎಂದಳು. ಇರುತ್ತವೆ ಎಂದೆ. "ಎಷ್ಟ?" ಎಂದಳು. "ಈಗಷ್ಟ ಬಂದೇನಿ, ಜೀವಾ ತಿನಬ್ಯಾಡ" ಎಂದು ಎಂಥ ದನಿಯಲ್ಲಿ ಕಿರುಚಿದೆನೆಂದರೆ, ಮಹಡಿಯ ಮೇಲಿನವರು ಕೆಳಗೆ ಇಣುಕಿ ನೋಡಿದರು. ಮನೆಯವರು ಮಾಡಿದ ಪುಣ್ಯ ಅಷ್ಟೇ ಇತ್ತೆಂದು ಕಾಣುತ್ತದೆ.

ಇಂಥ ಸಂಜೆಗಳ ನಡುವೆ ನಮ್ಮ ಮನೆಗೆ ದೀದಿ ಬಂದಳು. ದೀದಿ ಎಂದರೆ ಯಾರೋ ಹೆಂಗಸಲ್ಲ. ನನ್ನ ಫೋನಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಕೃತಕ ಬುದ್ಧಿಗೆ ಹೆಣ್ಣುದನಿ ಇದ್ದದ್ದರಿಂದ ಮುಕ್ತಾ ಇಟ್ಟ ಹೆಸರು. ಇರುವೆಯ ಮೊಣಕಾಲಿನ ದಿನವೇ ನಾನು ಫೋನನ್ನು ಅವಳ ಕೈಗಿಟ್ಟು, "ಇಕಿನ್ನ ಕೇಳ ಹೋಗ" ಎಂದಿದ್ದೆ. ದೀದಿ ಮರಾಠಿಯಲ್ಲಿ "ಛಾನ್ ಪ್ರಶ್ನ!" ಎಂದು ಮೊದಲು ಪ್ರಶ್ನೆಯನ್ನು ಹೊಗಳಿ, ಆಮೇಲೆ ಇರುವೆಯ ಕಾಲನ್ನು ಕೀಲುಕೀಲಾಗಿ ಬಿಡಿಸಿ ಹೇಳಿದಳು. ಮುಕ್ತಾ ಬೆರಗಾದಳು. ನಾನು ಚಹಾ ಕುಡಿದೆ. ಅಂದಿನಿಂದ ಅದೇ ರೂಢಿಯಾಯಿತು. ಸಾಂಗ್ಲಿವಾಡಿಯಿಂದ ಬಂದ ನನ್ನ ಹೆಂಡತಿ ಸುನಂದಾ ನರ್ಸು, ಅವಳ ಪಾಳಿ ಇವತ್ತಿದ್ದಂತೆ ನಾಳೆ ಇರುವುದಿಲ್ಲ. "ಹುಡುಗಿ ನಮ್ಮನ್ನ ಏನೂ ಕೇಳೂದು ಬಿಟ್ಟಾಳ, ಲಕ್ಷ್ಯಕ್ಕ ಬಂತೇನ್ರಿ?" ಎಂದು ಅವಳು ಒಮ್ಮೆ ಆತಂಕದಿಂದ ಕೇಳಿದಾಗ, ನಾನು ಸ್ವಾವಲಂಬನೆಯ ಮೇಲೆ ಒಂದು ಚಿಕ್ಕ ಭಾಷಣ ಮಾಡಿದೆ.

ನನ್ನ ತಾಯಿ ಲಕ್ಕವ್ವನಿಗೆ ದೀದಿಯ ಮೇಲೆ ದ್ವೇಷವೇನೂ ಇರಲಿಲ್ಲ, ಸಣ್ಣದೊಂದು ಅನುಮಾನವಿತ್ತು. "ಎಲ್ಲಾಕ್ಕೂ ಛಾನ್ ಅಂತಾಳಲ್ಲ, ಇಕಿಗೆ ಇನ್ನತನಕ ಯಾರೂ ಕೆಟ್ಟ ಪ್ರಶ್ನೆ ಕೇಳೇ ಇಲ್ಲೇನ?" ಎನ್ನುತ್ತಿದ್ದಳು. ಆದರೆ ದೀದಿಯ ಪರಿಣಾಮ ಅವಳನ್ನೂ ಬಿಡಲಿಲ್ಲ. ಮುಕ್ತಾಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡುವಾಗ ಮಾತ್ರ ಅರ್ಧ ದಾರಿಯಲ್ಲಿ ಮರಾಠಿಗೆ ಇಳಿದುಬಿಡುತ್ತಾಳೆ. ಒಂದು ಮಧ್ಯಾಹ್ನ ಅಜ್ಜಿ ಯಾವುದೋ ಹಳೆಯ ಮಾತು ಶುರುಮಾಡಿ, ಅದು ಎಲ್ಲಿಂದ ಎಲ್ಲಿಗೋ ಹೊರಟಾಗ, ಮುಕ್ತಾ ಫೋನಿಗೆ ಹೇಳುವ ದನಿಯಲ್ಲೇ, "ಅಜ್ಜಿ, ತೀನ್ ವಾಕ್ಯದಾಗ ಹೇಳ" ಎಂದಳು. ಅವ್ವ ಮೊಮ್ಮಗಳತ್ತ ತಿರುಗಿದಳು. "ಮೂರ ಮಾತಿನ್ಯಾಗ ಮುಗಿಯೂದಾಗಿದ್ರ ನಾ ಇಷ್ಟ ವರ್ಷಾ ಯಾಕ ಬದುಕತಿದ್ನಿ?" ಎಂದಳು. ನಾನು ಜೋರಾಗಿ ನಕ್ಕೆ. ಇದನ್ನು ಆಫೀಸಿನಲ್ಲಿ ಹೇಳಿ ಇನ್ನೊಮ್ಮೆ ನಗಿಸಿದೆ. ನಗುವಂಥದ್ದು ಅದರಲ್ಲಿ ಎಷ್ಟಿತ್ತು ಎಂದು ಆಗ ಯೋಚಿಸಲಿಲ್ಲ.

ಅದಾದ ಕೆಲವು ದಿನಗಳಿಗೆ ಮುಕ್ತಾಳ ಶಾಲೆಯಿಂದ ಚೀಟಿ ಬಂತು. ಅಜ್ಜ ಅಜ್ಜಿಯರ ದಿನ ಆಚರಿಸುತ್ತಾರಂತೆ. ಮಕ್ಕಳು ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಅವರ ಬಾಲ್ಯದ ಬಗ್ಗೆ ಹತ್ತು ಪ್ರಶ್ನೆ ಕೇಳಬೇಕು. ಎಲ್ಲಿ ಹುಟ್ಟಿದಿರಿ, ಏನು ಆಟ ಆಡುತ್ತಿದ್ದಿರಿ, ಮನೆಯಲ್ಲಿ ಏನು ಕೆಲಸ ಮಾಡುತ್ತಿದ್ದಿರಿ, ಯಾವಾಗಾದರೂ ಬಹಳ ಹೆದರಿದ್ದಿರಾ, ಹೀಗೆ. ಬಂದ ಉತ್ತರಗಳನ್ನು ಸೇರಿಸಿ ಮರಾಠಿಯಲ್ಲಿ ಒಂದು ಪುಟ ಬರೆದು, ಎಲ್ಲರೆದುರು ಓದಬೇಕು. ಮುಕ್ತಾ ಎರಡು ಮಧ್ಯಾಹ್ನ ಅಜ್ಜಿಯ ಎದುರು ವಹಿ, ಅಂದರೆ ನೋಟುಬುಕ್ಕು, ಹಿಡಿದು ಕೂತಳು. ಮೂರು ವಾಕ್ಯದ ಮಾತು ಎತ್ತಲಿಲ್ಲವಂತೆ. ಬಾಗಿಲಾಚೆಯಿಂದ ಅವರಿಬ್ಬರ ನಗು ಕೇಳುತ್ತಿತ್ತೆಂದು ಸುನಂದಾ ಆಮೇಲೆ ಹೇಳಿದಳು. ನಾನು ಆಗ ಕೌಂಟರಿನಲ್ಲಿ ಪರವೂರಿನ ಅಜ್ಜಿಯರ ಮಾತನ್ನು ತಲೆದೂಗಿ ಕೇಳುತ್ತಿದ್ದೆ.

ರವಿವಾರ ಬೆಳಿಗ್ಗೆ ಮುಕ್ತಾ ವಹಿಯೊಂದಿಗೆ ನನ್ನ ಹತ್ತಿರ ಬಂದಳು. "ಪಪ್ಪಾ, ಹೇ ಮರಾಠಿದಾಗ ಛಲೋ ಮಾಡಿ ಕೊಡ." ನಾನು ಇಸಿದುಕೊಂಡು ನೋಡಿದೆ. ಅಕ್ಷರ ಮರಾಠಿಯವು, ಮಾತು ಕನ್ನಡದ್ದು, ಬರೆಯಲು ಬಾರದ ಕಡೆ ಚಿತ್ರ. ಒಂದು ಕುರಿಗೆ ಐದು ಕಾಲಿದ್ದವು. "ಅದು ಕಾಲಲ್ಲ, ಬಾಲ" ಎಂದು ಮುಕ್ತಾ ತಿದ್ದಿದಳು. ಮೊದಲ ಸಾಲಿನಲ್ಲಿ ಕುರಿ ಇತ್ತು. ಎರಡನೆಯ ಸಾಲಿನಲ್ಲೂ ಕುರಿ. ಮೂರನೆಯದರಲ್ಲಿ ಕುರಿ ಮತ್ತು ಮರಿ. ನಾನು ನಾಲ್ಕನೆಯ ಸಾಲಿಗೆ ಹೋಗಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ತಪ್ಪೊಪ್ಪಿಗೆ ಪೂರ್ತಿಯಾಗುವುದಿಲ್ಲ. ನಮ್ಮದು ಗಡಿಯ ಹಳ್ಳಿಯಿಂದ ಬಂದ ಕುರಿಗಾರರ ಮನೆತನ. ನಾನು ಸಾಲೆಗೆ ಹೋಗುತ್ತಿದ್ದಾಗ ಹುಡುಗರು ಹಿಂದಿನ ಬೆಂಚಿನಿಂದ 'ಬ್ಯಾ' ಎನ್ನುತ್ತಿದ್ದರು. ಆ ದನಿಯನ್ನು ಕೇಳದಂತೆ ನಟಿಸುವುದನ್ನು ಕಲಿತೆ, ಆಮೇಲೆ ಆ ನಟನೆಯೇ ಸ್ವಭಾವವಾಯಿತು. ಮಿರಜದಲ್ಲಿ ಯಾರಾದರೂ ನಿಮ್ಮ ತಂದೆ ಏನು ಮಾಡುತ್ತಿದ್ದರು ಎಂದು ಕೇಳಿದರೆ 'ಉಣ್ಣೆಯ ವ್ಯಾಪಾರ' ಎನ್ನುತ್ತೇನೆ. ಉಣ್ಣೆ ಇನ್ನೂ ಕುರಿಯ ಮೈಮೇಲಿದ್ದಾಗಲೇ ಅದರ ಹಿಂದೆ ನಡೆಯುತ್ತಿದ್ದರು ಎಂಬುದನ್ನು ಮಾತ್ರ ಹೇಳುವುದಿಲ್ಲ. ಮುಕ್ತಾಳ ವರ್ಗದಲ್ಲಿ ಡಾಕ್ಟರರ ಮಕ್ಕಳಿದ್ದಾರೆ, ದೊಡ್ಡ ಅಂಗಡಿಯವರ ಮಕ್ಕಳಿದ್ದಾರೆ. ಅವರೆಲ್ಲರ ಎದುರು ನನ್ನ ಮಗಳು ಮೈಕಿನಲ್ಲಿ ಕುರಿ, ಕುರಿ, ಕುರಿ ಎಂದು ಓದುವುದು ನನ್ನ ಕಿವಿಗೆ ಮೊದಲೇ ಕೇಳಿಸಿತು. ಕಾಗುಣಿತ ಸರಿಯಿಲ್ಲ ಎಂಬುದು ನೆಪ.

"ಇದ್ರಾಗ ಭಾಳ ತಪ್ಪ ಅದಾವ. ತಾಳ, ಛಂದ ಮಾಡಿ ಕೊಡ್ತೇನಿ" ಎಂದು ವಹಿ ಬದಿಗಿಟ್ಟು, ಫೋನು ತೆಗೆದುಕೊಂಡು, ಅಜ್ಜಿಯ ಬಾಲ್ಯದ ಬಗ್ಗೆ ಎರಡನೆಯ ಇಯತ್ತೆಯ ಹುಡುಗಿ ಓದುವಂಥ, ಮನಮುಟ್ಟುವ ಒಂದು ಪುಟ ಮರಾಠಿಯಲ್ಲಿ ಬೇಕು ಎಂದು ಬರೆದೆ. ದೀದಿಯನ್ನು ಇಲ್ಲಿ ದೂರುವಂತಿಲ್ಲ. ಅವಳು ಮೊದಲು ಕೇಳಿದಳು: ಅಜ್ಜಿಯವರ ನಿಜವಾದ ನೆನಪುಗಳು ಕೆಲವಿದ್ದರೆ ತಿಳಿಸಿ, ಅವನ್ನೇ ಆಧರಿಸಿ ಬರೆಯುತ್ತೇನೆ. ನೆನಪುಗಳು ನನ್ನ ಮೊಣಕೈಯ ಕೆಳಗೆ ವಹಿಯಲ್ಲಿದ್ದವು. ನಾನು 'ಬೇಡ, ನೀವೇ ಬರೆಯಿರಿ' ಎಂದೆ. ಮಗಳನ್ನು ಗದರುವ ನಾನು ಫೋನಿಗೆ ಬಹುವಚನ ಬಳಸಿದ್ದನ್ನು ಆಮೇಲೆ ಗಮನಿಸಿದೆ. ಅರೆಗಳಿಗೆಯಲ್ಲಿ ಒಬ್ಬ ಅಜ್ಜಿ ತಯಾರಾಗಿ ಬಂದಳು. ಮಮತೆಯ ಸಾಗರ. ಅಂಗಳದಲ್ಲಿ ತುಳಸಿಕಟ್ಟೆಯಿದ್ದ ದೊಡ್ಡ ವಾಡೆಯ ಮನೆಯಲ್ಲಿ ಹುಟ್ಟಿದವಳು. ಕೋಳಿ ಕೂಗುವ ಮುಂಚೆ ಎದ್ದು, ಬೀಸುಕಲ್ಲಿನ ಮುಂದೆ ಕೂತು, ಇಂಪಾದ ದನಿಯಲ್ಲಿ ಓವಿಗಳನ್ನು, ಅಂದರೆ ಬೀಸುವ ಪದಗಳನ್ನು ಹಾಡುತ್ತಿದ್ದವಳು. ಹಿತ್ತಾಳೆಯ ಕೊಡದಲ್ಲಿ ಹೊಳೆಯ ನೀರು ತರುತ್ತಿದ್ದವಳು. ಓದಿದಾಗ ನನ್ನ ಕಣ್ಣೂ ಸ್ವಲ್ಪ ಒದ್ದೆಯಾಯಿತು. ಇಂಥ ತಾಯಿ ಯಾರಿಗೆ ಬೇಡ?

ಮುಕ್ತಾ ಅದನ್ನು ಎರಡು ಸಲ ಓದಿಕೊಂಡಳು. "ಪಪ್ಪಾ, ಇದ್ರಾಗ ಅಜ್ಜಿ ಎಲ್ಲಿ ಅದಾಳ?" ಎಂದು ಕೇಳಿದಳು.

"ಇದs ಅಜ್ಜಿ. ಮರಾಠಿದಾಗ ಬರದ್ರ ಹಿಂಗ ಆಗತೈತಿ" ಎಂದೆ.

ಏಳು ವರ್ಷದ ಮಗು ಅಪ್ಪನ ಮಾತನ್ನು ನಂಬುತ್ತದೆ. ಅವಳು ತಲೆಯಾಡಿಸಿ, ಕೂತು, ಗುಂಡಗಿನ ಅಕ್ಷರದಲ್ಲಿ ನಕಲು ಮಾಡಿದಳು.

ಕಾರ್ಯಕ್ರಮದ ದಿನ ಅವ್ವ ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಮುಂದಿನ ಸಾಲಿನಲ್ಲಿ ಕುರ್ಚಿಯ ತುದಿಯಲ್ಲಿ ಕೂತಳು. ನಾನು ಅರ್ಧ ದಿನದ ರಜೆ ಹಾಕಿ ಪಾಲಕರ ಸಾಲಿನಲ್ಲಿ ಕೂತಿದ್ದೆ. ನಮ್ಮವ್ವ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಆಡುವುದಿಲ್ಲ ನಿಜ. ಆದರೆ ವರ್ಷಗಟ್ಟಲೆ ಮಿರಜದ ಮಾರ್ಕೆಟ್ಟಿನಲ್ಲಿ ಚೌಕಾಶಿ ಮಾಡಿದವಳಿಗೆ ಮರಾಠಿ ಎಷ್ಟು ತಿಳಿಯುತ್ತದೆ ಎಂಬುದು ಆ ಕ್ಷಣದವರೆಗೆ ನನ್ನ ಲೆಕ್ಕದಲ್ಲೇ ಇರಲಿಲ್ಲ. ಮುಕ್ತಾ ಮೈಕಿನ ಮುಂದೆ ನಿಂತು "ಮಾಝಿ ಆಜಿ" ಎಂದಾಗ ಅವ್ವನ ಮುಖ ಅರಳಿತು. ದೊಡ್ಡ ವಾಡೆ ಬಂದಾಗ ಅವಳು ಎಡಕ್ಕೂ ಬಲಕ್ಕೂ ತಿರುಗಿ, ಇದು ಯಾವ ಅಜ್ಜಿಯ ಸುದ್ದಿ ಎಂದು ಅಕ್ಕಪಕ್ಕದ ಮುದುಕಿಯರನ್ನು ನೋಡಿದಳು. ತುಳಸಿಕಟ್ಟೆ ಬಂದಾಗ ನಗು ಇಳಿಯಿತು. ಬೀಸುಕಲ್ಲು ಬಂದಾಗ ಅವಳು ನಿಧಾನವಾಗಿ ಹಿಂದಕ್ಕೆ ತಿರುಗಿ ಪಾಲಕರ ಸಾಲಿನಲ್ಲಿ ನನ್ನನ್ನು ಹುಡುಕಿದಳು. ನಾನು ಬೂಟಿನ ಲೇಸು ಕಟ್ಟುವವನಂತೆ ಬಗ್ಗಿದೆ. ಕಾಲಲ್ಲಿ ಚಪ್ಪಲಿ ಇದ್ದವು.

ಮುಕ್ತಾ ಮಧ್ಯದಲ್ಲಿ ಒಮ್ಮೆ ನಿಂತು, ಅಜ್ಜಿಯ ಕಡೆ ನೋಡಿ, ಮತ್ತೆ ಓದಿ ಮುಗಿಸಿದಳು. ಚಪ್ಪಾಳೆ ಬಿತ್ತು. ವರ್ಗದ ಶಿಕ್ಷಕಿ ಪಾಟೀಲ ಬಾಯಿ ಸಂತೋಷದಿಂದ, ಈಗ ಮುಕ್ತಾಳ ಆಜಿ ನಮಗೊಂದು ಓವಿ ಹಾಡಿ ತೋರಿಸಬೇಕು ಎಂದುಬಿಟ್ಟರು. ಸಭೆಯ ಮುಖವೆಲ್ಲ ಅವ್ವನ ಕಡೆ ತಿರುಗಿತು. ಅವ್ವ ಎದ್ದು ನಿಂತಳು. ಜೀವನದಲ್ಲಿ ಒಂದು ಓವಿಯನ್ನೂ ಹಾಡದವಳು ಮೊಮ್ಮಗಳನ್ನು ನೋಡಿದಳು. ಮೊಮ್ಮಗಳು ಮೈಕು ಹಿಡಿದು ಅವಳನ್ನೇ ನೋಡುತ್ತಿದ್ದಳು. ಒಂದು ಮಾತು ಸಾಕಿತ್ತು, 'ಇದು ನಾನಲ್ಲ' ಎಂದು. ಅವ್ವ ಸೆರಗು ಸರಿಮಾಡಿಕೊಂಡು, ಕೊರಳು ಮುಟ್ಟಿಕೊಂಡು, "ಆಜ್ ಗಳಾ ಬಸ್‌ಲಾಯ್, ಬಾಯಿ" ಎಂದಳು. ಇವತ್ತು ದನಿ ಕೂತಿದೆ ಎಂದು. ಬೀದಿಯ ತಿರುವಿನಲ್ಲಿರುವ ಕಾಯಿಪಲ್ಲೆಯ ಗಾಡಿಯವನನ್ನು ಮನೆಯ ಕಟ್ಟೆಯಿಂದಲೇ ಕರೆದು ನಿಲ್ಲಿಸುವ ನಮ್ಮವ್ವನ ದನಿ ಅದು. ಅವಳಿಗೆ ಒಂದು ಗುಲಾಬಿ, ಮುಕ್ತಾಳಿಗೆ ಒಂದು ಪ್ರಶಸ್ತಿಪತ್ರ ಸಿಕ್ಕವು.

ಮನೆಗೆ ಬರುವಾಗ ಮೂವರೂ ರಿಕ್ಷಾದಲ್ಲಿ ಕೂತೆವು. ಅರ್ಧ ದಾರಿಯಲ್ಲಿ ಅವ್ವ ಕೇಳಿದಳು: "ಬೀರ್ಯಾ, ಆ ಮುದುಕಿ ಭಾಳ ಚಲೋ ಇದ್ಲು. ಯಾರಪಾ ಆಕಿ?"

ನಾನು ಬಾಯಿ ತೆರೆಯುವ ಮೊದಲೇ ಮುಕ್ತಾ ನಕ್ಕು, "ಅಜ್ಜಿ, ತೀ ತೂಚ್! ಅದು ನೀನs! ಮರಾಠಿದಾಗ ನೀ ಹಂಗ ಇರ್ತಿ. ಪಪ್ಪಾ ಹೇಳ್ಯಾನ" ಎಂದಳು.

"ಹೌದನ" ಎಂದ ಅವ್ವ ಮನೆ ಬರುವ ತನಕ ರಿಕ್ಷಾದ ಹೊರಗೆ ನೋಡುತ್ತ ಕೂತಳು. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನಾನು ಎದುರಾಡಿ, ಸಿಟ್ಟುಮಾಡಿಕೊಂಡು, ಸರಿಸಮ ಮಾಡಿಕೊಳ್ಳುತ್ತಿದ್ದೆ. ಅವಳು ಎಂದಿನಂತೆ ರೊಟ್ಟಿ ಬಡಿದು, ಎಂದಿನಂತೆ ನನ್ನ ತಾಟಿಗೆ ಬೆಣ್ಣೆ ಹಾಕಿದಳು. ಆ ಬೆಣ್ಣೆಯನ್ನು ತಿನ್ನುವುದು ಎಷ್ಟು ಕಷ್ಟವಾಯಿತು ಎಂದರೆ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ.

ವಿಷಯ ಅಲ್ಲಿಗೆ ಮುಗಿದಿದ್ದರೆ ನಾನು ನನ್ನ ಅಭ್ಯಾಸದಂತೆ ಮರೆತುಬಿಡುತ್ತಿದ್ದೆ. ಆದರೆ ಆ ಪುಟವನ್ನು ಶಾಲೆಯವರು ಬಾಗಿಲ ಹತ್ತಿರದ ಫಲಕಕ್ಕೆ ಅಂಟಿಸಿದರು. ಮುಕ್ತಾಳನ್ನು ದಿನಾ ಶಾಲೆಗೆ ಬಿಡುವವಳು ಅವ್ವ. ಎರಡೇ ದಿನದಲ್ಲಿ ಅವಳು ಪಾಲಕರ ನಡುವೆ ಹೆಸರುವಾಸಿಯಾದಳು. ತಾಯಂದಿರು ನಿಲ್ಲಿಸಿ ಮಾತಾಡಿಸತೊಡಗಿದರು. ಈಗಿನವರಿಗೆ ಬೀಸುಕಲ್ಲೇ ಗೊತ್ತಿಲ್ಲ ನೋಡಿ ಆಜಿ ಎಂದು ನಿಟ್ಟುಸಿರು ಬಿಟ್ಟರು. ಅವ್ವ ಹೂಂ ಎನ್ನುತ್ತಿದ್ದಳು. ಕೊನೆಗೆ ಸಾಂಗ್ಲಿವಾಡಿಯ ಒಬ್ಬ ಹೆಣ್ಣುಮಗಳು, ತನ್ನ ಎರಡನೆಯ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬಂದು ನಾಲ್ಕು ಓವಿ ಹಾಡಲೇಬೇಕೆಂದು ಕೈಹಿಡಿದುಕೊಂಡಳಂತೆ. ಅಲ್ಲೂ ಅವ್ವ ಹೂಂ ಎಂದು ಬಂದಿದ್ದಳು. ಇದ್ಯಾವುದೂ ನನಗೆ ಗೊತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಬೇಗ ಮನೆಗೆ ಬಂದೆ. ಒಳಗಿನಿಂದ ದೀದಿಯ ದನಿ ಕೇಳುತ್ತಿತ್ತು. ಬೀಸುವ ಪದವೊಂದನ್ನು ರೈಲು ನಿಲ್ದಾಣದಲ್ಲಿ ಗಾಡಿಯ ಸಮಯ ಸಾರುವವಳ ಹಾಗೆ ಸಾಲು ಸಾಲಾಗಿ ಒಪ್ಪಿಸುತ್ತಿದ್ದಳು. ಪ್ರತಿ ಸಾಲಿನ ಹಿಂದೆ ಇನ್ನೊಂದು ದನಿ, ಒರಟಾಗಿ, ತಡವರಿಸಿ, ಅದನ್ನೇ ಅನ್ನುತ್ತಿತ್ತು. ಇಣುಕಿ ನೋಡಿದೆ. ಗೋಡೆಗೆ ಒರಗಿಸಿಟ್ಟ ಸುನಂದಾಳ ಹಳೆಯ ಫೋನಿನ ಎದುರು ನಮ್ಮವ್ವ ಕಾಲುಮಡಚಿ ಕೂತಿದ್ದಳು. ಬಲಗೈ ಗಾಳಿಯಲ್ಲಿ ದುಂಡಗೆ ತಿರುಗುತ್ತಿತ್ತು. ಪಕ್ಕದಲ್ಲಿ ಮುಕ್ತಾ, "ಅಜ್ಜಿ, ಕೈ ನಿಲ್ಲಸಬ್ಯಾಡ, ಪೀಠ ಕಮಿ ಬರತೈತಿ" ಎಂದು ಹಿಟ್ಟಿನ ಬಗ್ಗೆ ಎಚ್ಚರಿಸುತ್ತಿದ್ದಳು. ನನಗೆ ನಗು ಬಂತು.

"ಅವ್ವಾ, ಏನ್ ಮಾಡಾಕತ್ತಿ?"

"ಪದಾ ಕಲಿಯಾಕತ್ತೇನಿ."

"ಯಾಕ?"

"ಇನ್ನ ಯಾಕ? ಬರದು ಗ್ವಾಡಿಗೆ ಹಚ್ಚೀರಿ. ಮುದುಕಿಗೆ ಒಂದ ಪದಾನೂ ಬರೂದಿಲ್ಲಂದ್ರ ನಾಳೆ ಮಂದಿ ಈ ಕೂಸಿಗೆ ಸುಳ್ಳಿ ಅಂತಾರ. ನನಗ ಅಂದ್ರ ಅನ್ಲಿ, ನಿನಗ ಅಂದ್ರನೂ ಅನ್ಲಿ. ಇದಕ್ಕ ಯಾಕ?" ಎಂದು ಅವಳು ಕೈಯನ್ನು ಸೀರೆಗೆ ಒರೆಸಿಕೊಂಡಳು, ನಿಜಕ್ಕೂ ಹಿಟ್ಟು ಮೆತ್ತಿದವಳ ಹಾಗೆ.

"ಅವತ್ತ ನನಗ ಬೈಬೇಕಾಗಿತ್ತ ನೀ."

"ಏನಂತ ಬೈಲಿ? ಕುರಿ ಅಂದ್ರ ನಿನಗ ನಾಚಿಕಿ. ಅದು ನನಗ ಹೊಸಾದೇನ? ನಿನ್ನ ಸಾಲಿಗೆ ಬರೂ ಮುಂದ ನಾ ಕಂಬಳಿ ಮನ್ಯಾಗ ಇಟ್ಟ ಬರ್ತಿದ್ನಿ. ಥಂಡಿ ಇದ್ರನೂ."

ಅವಳು ಇದನ್ನು ದೂರಿನಂತೆ ಹೇಳಲಿಲ್ಲ, ಹಾಲು ಬಂದಿದೆ ಎಂದು ಹೇಳುವಂತೆ ಹೇಳಿದಳು. ನನಗೆ ಸಾಲೆಯ ಬಾಗಿಲಲ್ಲಿ ತೋಳು ಕಟ್ಟಿಕೊಂಡು ನಿಂತಿರುತ್ತಿದ್ದ ಅವ್ವ ನೆನಪಾದಳು. ಅದು ಅವಳು ನಿಲ್ಲುವ ರೀತಿ ಎಂದು ನಾನು ಮೂವತ್ತು ವರ್ಷ ತಿಳಿದುಕೊಂಡಿದ್ದೆ. ಅವಳು ಚಳಿಗೆ ಹಾಗೆ ನಿಲ್ಲುತ್ತಿದ್ದಳು. ಬಚ್ಚಲಿಗೆ ಹೋಗಿ, ಆಗಲೇ ತೊಳೆದಿದ್ದ ಕಾಲನ್ನು ಇನ್ನೊಮ್ಮೆ ತೊಳೆದೆ. ದೀದಿ ಒಳಗೆ ಮುಂದಿನ ಸಾಲು ಹೇಳಿ, ಉತ್ತರಕ್ಕಾಗಿ ಸಭ್ಯವಾಗಿ ಕಾಯುತ್ತಿದ್ದಳು.

ಸೋಮವಾರ ಶಾಲೆಗೆ ಹೋಗಿ ಪಾಟೀಲ ಬಾಯಿಯವರನ್ನು ಕಂಡೆ. ದಾರಿಯುದ್ದಕ್ಕೂ ಮರಾಠಿಯಲ್ಲಿ ತಯಾರಿ ಮಾಡಿಕೊಂಡಿದ್ದ ತಪ್ಪೊಪ್ಪಿಗೆ ಎದುರು ನಿಂತಾಗ ಅರ್ಧಕ್ಕೇ ಕನ್ನಡಕ್ಕೆ ಜಾರಿತು. "ಕನ್ನಡದಾಗs ಹೇಳ್ರಿ, ನನ್ನ ತವರಮನಿ ಬೇಡಗ" ಎಂದರು ಬಾಯಿ. ಬೇಡಗ ಕನ್ನಡ ಮಾತಾಡುವ ಗಡಿಯ ಹಳ್ಳಿ. ಹೇಳಿದೆ. ಓವಿ, ವಾಡೆ, ಫೋನು, ವಹಿ, ಎಲ್ಲವನ್ನೂ. ಅವರು ಸಿಟ್ಟಾಗಲಿಲ್ಲ. ಕಪಾಟಿನಿಂದ ಹಾಳೆಗಳ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟರು.

"ನೋಡ್ರಿ, ಇಡೀ ವರ್ಗದ ಅಜ್ಜಿಗೋಳು. ಹೆಚ್ಚೂಕಡಿಮಿ ಎಲ್ಲಾರೂ ಕೋಳಿ ಕೂಗೂಕಿಂತ ಮೊದಲ ಎದ್ದಾರ, ಎಲ್ಲಾರೂ ಬೀಸ್ಯಾರ, ಎಲ್ಲಾರೂ ಮಮತಾದ ಸಾಗರ. ಒಬ್ಬ ಹುಡುಗನ ಅಜ್ಜಿ ಇನ್ನೂ ಬ್ಯಾಂಕಿನ್ಯಾಗ ನೌಕರಿ ಮಾಡ್ತಾರ, ಸ್ಕೂಟರ ಮ್ಯಾಲ ಬಂದಿದ್ರು. ಅವರೂ ಬೀಸ್ಯಾರ!"

ನಾನು ಒಬ್ಬನೇ ಕಳ್ಳ ಎಂದು ತಿಳಿದು ಬಂದವನಿಗೆ, ಊರ ತುಂಬ ಬಳಗವಿದೆ ಎಂದು ಗೊತ್ತಾದಾಗ ಒಂದು ಕ್ಷಣ ಹಾಯೆನಿಸಿತು. ಹಾಗೆನಿಸಿದ್ದಕ್ಕೆ ಮರುಕ್ಷಣ ಇನ್ನಷ್ಟು ನಾಚಿಕೆಯಾಯಿತು.

"ಮತ್ತ ಬಾಯಿ, ಗ್ವಾಡಿಗೆ ಹಚ್ಚಾಕ ನಮ್ಮ ಮುಕ್ತಾಂದs ಯಾಕ ಆರಿಸಿದ್ರಿ?"

"ಓದೂ ಮುಂದ ನಡಕ ನಿಂತು ಅಜ್ಜಿ ಮಾರಿ ನೋಡಿದ್ಲಲ್ರಿ, ಅದಕ್ಕ. ಉಳದವರು ಯಾರೂ ಹಾಳಿ ಬಿಟ್ಟ ತಲಿ ಎತ್ತಲಿಲ್ಲ." ಬಾಯಿ ಕಟ್ಟನ್ನು ಮತ್ತೆ ಕಟ್ಟುತ್ತ ಕೇಳಿದರು: "ಖರೇದಾಗ ಏನ್ ಬರದಿದ್ಲು ಹುಡುಗಿ?"

"ಏನಿಲ್ರಿ, ಬರೇ ಕುರಿ ಸುದ್ದಿ."

"ಬರೇ?" ಎಂದು ಅವರು ನನ್ನನ್ನು ನೋಡಿದ ನೋಟದಲ್ಲಿ ನಾನು ಎರಡನೆಯ ಇಯತ್ತೆಗೆ ಇಳಿದೆ. "ಗೊಬ್ಬರಕ್ಕಂತ ನಮ್ಮ ಹೊಲದಾಗ ಕುರಿ ಕೂಡಸಾಕ ನಮ್ಮಪ್ಪಾ ವರ್ಷಾ ಕುರಿಗಾರರ ಹಿಂದ ತಿರಗತಿದ್ದ್ರಿ, ಒಂದ ರಾತ್ರಿ ನಮ್ಮಲ್ಲಿ ನಿಲ್ಲಸ್ರಿ ಅಂತ. ಕುರಿ ನಿಂತ ಹೊಲದ ಜ್ವಾಳಾ ತಿಂದು ಬೆಳದಾಕಿ ನಾ. ಅದನ್ನ ಬರಸ್ಕೊಂಡ ಬರ್ರಿ, ಇದನ್ನ ತಗದು ಅದನ್ನ ಹಚ್ಚೋಣು."

ಅಂದು ಸಂಜೆ ನಾನು ಪೆನ್ನು ಹಿಡಿದು, ಮುಖಕ್ಕೆ ಪಶ್ಚಾತ್ತಾಪ ಹಚ್ಚಿಕೊಂಡು, ಅಜ್ಜಿ ಮೊಮ್ಮಗಳ ನಡುವೆ ಹೋಗಿ ಕೂತೆ. ಫೋನನ್ನು ಎಲ್ಲರಿಗೂ ಕಾಣುವಂತೆ ದೂರದ ಕಪಾಟಿನ ಮೇಲಿಟ್ಟಿದ್ದೆ. ಮೊದಲು ಮುಕ್ತಾಳಿಗೆ, ಮರಾಠಿಯಲ್ಲಿ ಬರೆದರೆ ಅಜ್ಜಿ ಬದಲಾಗುವುದಿಲ್ಲ, ನಾನು ಹೇಳಿದ್ದು ಸುಳ್ಳು ಎಂದೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇರುವೆಗೆ ಮೊಣಕಾಲೇ ಇಲ್ಲ ಎಂದು ಯಾರೋ ಹೇಳಿದಾಗಿನ ಹಾಗೆ ಯೋಚನೆಯಿತ್ತು. ಆಮೇಲೆ "ಹೇಳ ಅವ್ವಾ, ನಾ ಬರಕೋತೇನಿ" ಎಂದು ನಾನು ವಹಿಯತ್ತ ಕೈಚಾಚಿದಾಗ, ಮುಕ್ತಾ ಪುಟದ ಮೇಲೆ ಅಂಗೈ ಊರಿ ಮುಚ್ಚಿ, "ನಕೋ" ಎಂದಳು. ಬೇಡ. ಅಷ್ಟೇ. ಅವ್ವ ನನ್ನ ಪರವಾಗಿ ಒಂದು ಮಾತು ಆಡುತ್ತಾಳೇನೋ ಎಂದು ನೋಡಿದೆ. ಅವಳು ಅವರೆಕಾಯಿಯ ಬುಟ್ಟಿಯನ್ನು ನನ್ನತ್ತ ತಳ್ಳಿ, "ನೀ ಇದನ್ನ ಸುಲಿ" ಎಂದಳು.

ಮೂರು ಮಧ್ಯಾಹ್ನ ಅವರಿಬ್ಬರೂ ಬರೆದರು. ಒಂದು ಕಠಿಣ ಮರಾಠಿ ಶಬ್ದದ ಕಾಗುಣಿತಕ್ಕೆ ದೀದಿಯನ್ನು ಕೇಳಿದರಂತೆ, ನನ್ನನ್ನು ಅದಕ್ಕೂ ಕರೆಯಲಿಲ್ಲ. ಸಾಂಗ್ಲಿವಾಡಿಯ ತೊಟ್ಟಿಲಿಗೂ ಅವ್ವ ಹೋಗಿ ಬಂದಳು. ಓವಿ ತನಗೆ ಬರುವುದಿಲ್ಲ, ಅದನ್ನು ಬರೆದದ್ದು ತನ್ನ ಮಗನ ಫೋನು ಎಂದು ನೇರವಾಗಿ ಹೇಳಿ, ಅದರ ಬದಲು ತನ್ನದೇ ಒಂದು ಸುದ್ದಿ ಹೇಳಿದಳಂತೆ. ಹೆಂಗಸರೆಲ್ಲ ಕೂತು ಕೇಳಿದರು, ಎರಡು ಸಲ ಹೇಳಿಸಿದರು ಎಂದು, ಜೊತೆಗೆ ಹೋಗಿದ್ದ ಸುನಂದಾ ಹೇಳಿದಳು. ಏನು ಸುದ್ದಿ ಎಂದು ಕೇಳಿದೆ. "ನಿಮ್ಮ ಅವ್ವನ್ನ ಕೇಳ್ರಿ" ಎಂದು ಅವಳು ಡ್ಯೂಟಿಗೆ ಹೊರಟುಹೋದಳು. ನನಗೆ ಕೇಳಲು ಬಾಯಿ ಬರಲಿಲ್ಲ.

ಹೀಗಾಗಿ ನನ್ನ ತಾಯಿಯ ಬಾಲ್ಯವನ್ನು ನಾನು ನಲವತ್ತಮೂರನೆಯ ವಯಸ್ಸಿನಲ್ಲಿ, ಶಾಲೆಯ ಬಾಗಿಲ ಹತ್ತಿರ, ಬೇರೆ ಪಾಲಕರ ಭುಜಗಳ ನಡುವೆ ಕತ್ತು ತೂರಿಸಿ ಓದಿದೆ. ಮುಕ್ತಾ ಬರೆದಿದ್ದಳು: ಅಜ್ಜಿಗೆ ಆಗ ನನ್ನಷ್ಟೇ ವಯಸ್ಸು. ಅವರ ಮನೆ ದಿನಾ ನಡೆಯುತ್ತಿತ್ತು, ಅದಕ್ಕೇ ಬೀಸುಕಲ್ಲು ಇರಲಿಲ್ಲ. ನಡೆಯಲು ಬಾರದ ಮರಿಗಳನ್ನು ಎತ್ತಿಕೊಳ್ಳುವುದು ಅಜ್ಜಿಯ ಕೆಲಸ. ಒಂದು ಮಧ್ಯಾಹ್ನ ಅಜ್ಜಿ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಜಾಲಿಮರದ ಕೆಳಗೆ ನಿದ್ದೆ ಹೋದಳು. ಎಲ್ಲರೂ ಮುಂದೆ ಹೋದರು. ಎದ್ದು ನೋಡಿದರೆ ಯಾರೂ ಇಲ್ಲ. ಅಜ್ಜಿ ಅತ್ತಳು. ಮರಿಯೂ ಅತ್ತಿತು. ಆಗ ದೂರದಿಂದ ಒಂದು ಕುರಿ ಒದರುತ್ತ ಓಡಿ ಬಂತು, ಅದು ಆ ಮರಿಯ ಅವ್ವ. ಅಜ್ಜಿ ಅದರ ಹಿಂದೆ ನಡೆದು ನಡೆದು ಮನೆಯವರನ್ನು ಸೇರಿದಳು. ಕುರಿ ಬಂದದ್ದು ಅಜ್ಜಿಗಾಗಿ ಅಲ್ಲ, ಮರಿಗಾಗಿ. ಅಜ್ಜಿಗೆ ಅದು ಗೊತ್ತಿತ್ತು. ಆದರೂ ಅದಕ್ಕೆ ಕೈಮುಗಿದಳು.

ಪಕ್ಕದಲ್ಲಿ ಐದು ಕಾಲಿನ ಕುರಿ. ಅದರ ಕೆಳಗೆ, ಜಾಗ ಸಾಲದೆ ಒತ್ತೊತ್ತಾಗಿ ಬರೆದ ಕೊನೆಯ ಸಾಲು: 'ಈ ಸಲ ಪಪ್ಪಾ ಮದತ ಮಾಡಿಲ್ಲ. ಅದಕ್ಕ ಇದೆಲ್ಲಾ ಖರೆ ಐತಿ.'

ನನ್ನ ಜೊತೆಗೇ ಓದುತ್ತಿದ್ದ ಒಬ್ಬ ಪಾಲಕರು ಬಾಯಿಬಿಟ್ಟು ನಕ್ಕು, ಈ ಹುಡುಗಿಯ ಅಪ್ಪ ಯಾರೋ ಪಾಪ ಎಂದು ನನ್ನನ್ನೇ ಕೇಳಿದರು. ಗೊತ್ತಿಲ್ಲ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ನಮ್ಮ ಕಡೆ ಮಕ್ಕಳ ಹೆಸರಿನ ನಡುವೆ ಅಪ್ಪನ ಹೆಸರನ್ನು ಪೂರ್ತಿಯಾಗಿ ಬರೆಸುತ್ತಾರೆ, ನನ್ನ ಕೊರಳಲ್ಲಿ ಆಸ್ಪತ್ರೆಯ ಗುರುತುಚೀಟಿ ನೇತಾಡುತ್ತಿತ್ತು, ಮತ್ತು ಅವರು ಆಗಲೇ ಪುಟದ ಮೇಲಿನ ಹೆಸರಿನಿಂದ ನನ್ನ ಚೀಟಿಗೆ ಕಣ್ಣು ಹಾಯಿಸತೊಡಗಿದ್ದರು.